ಯುಎಸ್‌ಬಿ ಕೇಬಲ್ ಟೆಸ್ಟರ್: ಒಂದು ಮಳೆಗಾಲ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಎರಡು ಫೋನು ಎರಡು ಕೇಬಲ್ ಇದ್ದವರಿಗೆ ಇದು ದಂಡ. ಡಬ್ಬಿ ತುಂಬ ಕೇಬಲ್ ಇಟ್ಟುಕೊಂಡು, ಯಾವುದು ಕೆಲಸಕ್ಕೆ ಬರುತ್ತದೆ ಯಾವುದು ಬರುವುದಿಲ್ಲ ಅಂತ ಒದ್ದಾಡುವವರು ಮಾತ್ರ ಮುಂದೆ ಓದಿ.

ನಮ್ಮದು ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟದೊಳಗಿನ ಚಿಕ್ಕ ಹೋಂಸ್ಟೇ. ಬಂದವರು ಟವೆಲ್ಲು, ಸೋಪಿಗಿಂತ ಜಾಸ್ತಿ ಮರೆತು ಹೋಗುವುದು ಕೇಬಲ್. ಫೋನ್ ಮಾಡಿ ಹೇಳಿದರೆ "ಇರ್ಲಿ ಬಿಡಿ ಅಂಕಲ್, ನೀವೇ ಇಟ್ಕೊಳ್ಳಿ" ಅಂತಾರೆ. ಹೀಗೇ ಸೇರಿ ಸೇರಿ ದೊಡ್ಡ ಬಿಸ್ಕತ್ ಡಬ್ಬಿ ತುಂಬಿತ್ತು. ಇನ್ಯಾರೋ ಬಂದು ಕೇಬಲ್ ಕೇಳಿದಾಗ ಅದರಿಂದಲೇ ಒಂದು ಎಳೆದು ಕೊಡುತ್ತಿದ್ದೆವು. ಚಾರ್ಜೇನೋ ಆಗುತ್ತಿತ್ತು, ಆದರೆ ಕ್ಯಾಮೆರಾದ ಫೋಟೋ ಲ್ಯಾಪ್‌ಟಾಪಿಗೆ ಇಳಿಯುತ್ತಿರಲಿಲ್ಲ. ಆಗ ಕ್ಯಾಮೆರಾ ಸರಿ ಇಲ್ವಾ, ಲ್ಯಾಪ್‌ಟಾಪ್ ಸರಿ ಇಲ್ವಾ, ಕೇಬಲ್ಲಾ ಅಂತ ಅರ್ಧ ಗಂಟೆ ಚರ್ಚೆ. ಅದಕ್ಕೇ ಹೋದ ವರ್ಷ ಮಳೆ ಶುರುವಾಗುವ ಮುಂಚೆ ಆನ್‌ಲೈನಲ್ಲಿ ಈ ಟೆಸ್ಟರ್ ತರಿಸಿದೆ. ಬ್ರಾಂಡ್ ಹೆಸರೇನೂ ಇಲ್ಲ. ಸಾವಿರ ರೂಪಾಯಿಯೊಳಗೆ ಬಂತು.

ಅಂಗೈಯಷ್ಟು ದೊಡ್ಡ ಸರ್ಕ್ಯೂಟ್ ಬೋರ್ಡು, ಮೇಲೊಂದು ಕೆಳಗೊಂದು ಅಕ್ರಿಲಿಕ್ ಹಲಗೆ, ನಾಲ್ಕು ಮೂಲೆಗೆ ಸ್ಕ್ರೂ. ಒಂದು ಬದಿಯಲ್ಲಿ ಟೈಪ್ ಎ (ಹಳೇ ಅಗಲದ್ದು) ಮತ್ತು ಸಿ (ಈಗಿನ ಫೋನುಗಳದ್ದು) ಸಾಕೆಟ್, ಎದುರು ಬದಿಯಲ್ಲಿ ಸಿ, ಮೈಕ್ರೋ, ಹಳೇ ಕ್ಯಾಮೆರಾಗಳ ಮಿನಿ. ನಡುವೆ ಪುಟ್ಟ ಎಲ್‌ಇಡಿ ದೀಪಗಳ ಸಾಲು, ಒಂದೊಂದರ ಪಕ್ಕ ತಂತಿಯ ಹೆಸರು. ಒಳಗೆ 2032 ಬಟನ್ ಸೆಲ್. ಕೇಬಲ್ಲಿನ ಎರಡೂ ತುದಿ ಚುಚ್ಚಿ ಸ್ವಿಚ್ ಒತ್ತಿದರೆ, ಒಳಗೆ ಯಾವ ತಂತಿ ಈ ತುದಿಯಿಂದ ಆ ತುದಿವರೆಗೆ ಇದೆಯೋ ಅದರ ದೀಪ ಉರಿಯುತ್ತದೆ. ಅಷ್ಟೇ ಇದರ ಕೆಲಸ.

ಅಷ್ಟರಿಂದಲೇ ಡಬ್ಬಿಯ ಬಂಡವಾಳವೆಲ್ಲ ಬಯಲಾಯಿತು. ವಿಬಸ್ ಮತ್ತು ಗ್ರೌಂಡ್, ಅಂದರೆ ಕರೆಂಟ್ ಹೋಗುವ ಮತ್ತು ವಾಪಸ್ ಬರುವ ತಂತಿ, ಈ ಎರಡೇ ದೀಪ ಉರಿದರೆ ಅದು ಬರೀ ಚಾರ್ಜಿಂಗ್ ಕೇಬಲ್. ಡಿ ಪ್ಲಸ್, ಡಿ ಮೈನಸ್ ಅನ್ನುವ ಡೇಟಾ ತಂತಿಗಳನ್ನೇ ಅದರಲ್ಲಿ ಹಾಕಿರುವುದಿಲ್ಲ. ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಜೊತೆ ಬರುವ ಮೋಟು ಕೇಬಲ್‌ಗಳಲ್ಲಿ ಇಂಥವು ಜಾಸ್ತಿ. ಅವನ್ನು ಎಸೆಯಲಿಲ್ಲ, ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ ಬೇರೆ ಇಟ್ಟೆ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳ ಯುಎಸ್‌ಬಿ ಪಾಯಿಂಟಿಗೆ ಫೋನ್ ಸಿಕ್ಕಿಸುವಾಗ ಅವೇ ಒಳ್ಳೆಯವು, ಫೋನಿನ ಡೇಟಾ ಕದಿಯುವ ದಾರಿಯೇ ಇಲ್ವಲ್ಲ.

ಟೈಪ್ ಸಿ ವಿಷಯಕ್ಕೆ ಬಂದರೆ ಮೊದಲ ಸಲ ಎಲ್ಲರಿಗೂ ಗಾಬರಿ ಆಗುತ್ತದೆ. ಸಾಕೆಟ್ಟಿನಲ್ಲಿ 24 ಪಿನ್, ಬೋರ್ಡಿನಲ್ಲಿ ಅಷ್ಟೊಂದು ದೀಪ, ಉರಿಯುವುದು ನಾಲ್ಕೈದು! ಕೇಬಲ್ ಹಾಳಾಗಿಲ್ಲ. ಯುಎಸ್‌ಬಿ 2.0 ದರ್ಜೆಯ ಸಿ-ಟು-ಸಿ ಕೇಬಲ್ಲಿಗೆ ವಿಬಸ್, ಗ್ರೌಂಡ್, ಸಿಸಿ (ಚಾರ್ಜರೂ ಫೋನೂ ಒಂದನ್ನೊಂದು ಗುರುತಿಸುವ ತಂತಿ), ಡಿ ಪ್ಲಸ್, ಡಿ ಮೈನಸ್ ಇದ್ದರೆ ಸಾಕು. ಟಿಎಕ್ಸ್, ಆರ್‌ಎಕ್ಸ್ ಅಂತ ಬರೆದ ದೀಪಗಳೂ ಉರಿದರೆ ಮಾತ್ರ ಅದು ಹೈಸ್ಪೀಡ್ ಡೇಟಾ ಕೇಬಲ್. ನಮ್ಮ ಡಬ್ಬಿಯಲ್ಲಿ ನೈಲಾನ್ ಹೆಣಿಗೆಯ, ಹೆಬ್ಬೆರಳು ದಪ್ಪದ, ಮೈಮೇಲೆ 'ಸೂಪರ್ ಫಾಸ್ಟ್' ಅಂತ ಬರೆದುಕೊಂಡ ಒಂದಿತ್ತು, ಅದರಲ್ಲಿ ಉರಿದದ್ದು ಈ ಐದೇ ಹೆಸರು. ಅಂದರೆ ಡೇಟಾ 480 ಎಂಬಿಪಿಎಸ್ ದಾಟುವ ಹಾಗೇ ಇಲ್ಲ. ಚಾರ್ಜ್ ಫಾಸ್ಟ್ ಆಗಬಹುದು, ಅದು ಬೇರೆ ಮಾತು. ಆದರೆ ಸಿಸಿ ದೀಪ ಉರಿಯಲೇಬೇಕು. ಸಿ-ಟು-ಸಿ ಕೇಬಲ್ಲಿನಲ್ಲಿ ಆ ತಂತಿ ಕಡಿದಿದ್ದರೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಬೇರೆಯದೇ. ಕೇಬಲ್ ಚುಚ್ಚಿ, ದೀಪ ಉರಿಯುತ್ತಿರುವಾಗ, ಪ್ಲಗ್ಗಿನ ಕುತ್ತಿಗೆಯ ಹತ್ತಿರ ನಿಧಾನಕ್ಕೆ ಆ ಕಡೆ ಈ ಕಡೆ ಬಗ್ಗಿಸಬೇಕು. ಒಂದು ಕಪ್ಪು ಕೇಬಲ್, ನೋಡಲು ಹೊಸದರಂತಿದೆ, ಎಡಕ್ಕೆ ಬಗ್ಗಿಸಿದರೆ ಎಲ್ಲ ದೀಪ ನೆಟ್ಟಗೆ, ಬಲಕ್ಕೆ ಬಗ್ಗಿಸಿದ ಕೂಡಲೇ ಡಿ ಮೈನಸ್ ಮಿಣುಕ್ ಅಂದು ಆರಿಹೋಯಿತು, ಬಿಟ್ಟರೆ ಮತ್ತೆ ಬಂತು. ಫೈಲ್ ಕಾಪಿ ಆಗುತ್ತಾ ಆಗುತ್ತಾ ನಡುವೆ ನಿಂತುಹೋಗುವುದಕ್ಕೆ ಕಾರಣ ಇದೇ. ಬರೀ ಕಣ್ಣಿಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ.

ನಮ್ಮ ಕಡೆ ಜೂನ್‌ನಿಂದ ಮೂರು ತಿಂಗಳು ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಕೇಬಲ್ಲಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಟೆಸ್ಟರಿನಲ್ಲಿ ದೀಪ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಚುಚ್ಚಿ ನೋಡಿದರೆ ಕೆಲವು ಬದುಕಿಕೊಳ್ಳುತ್ತವೆ.

ಈಗ ಬೈಗುಳ. ಇದು ತಂತಿ ಇದೆಯೋ ಇಲ್ಲವೋ ಹೇಳುತ್ತದೆ, ತಂತಿ ಎಂಥದ್ದು ಅಂತ ಹೇಳುವುದಿಲ್ಲ. ನಮ್ಮ ರೂಮುಗಳಲ್ಲಿ ಮಂಚದಿಂದ ಪ್ಲಗ್ ಪಾಯಿಂಟ್ ದೂರ, ಹಾಗಾಗಿ 2 ಮೀಟರ್ ಕೇಬಲ್ ತಂದಿದ್ದೆ. ದೀಪಗಳೆಲ್ಲ ಜಗಜಗ, ಫೋನ್ ಮಾತ್ರ ಬೆಳಗಾದರೂ ತುಂಬುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಕೂದಲಿನಂಥ ತಂತಿ. 28 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೆಸಿಸ್ಟೆನ್ಸ್. ಹೋಗುವುದಕ್ಕೆ ಒಂದು ತಂತಿ, ಬರುವುದಕ್ಕೆ ಒಂದು, 2 ಮೀಟರಿಗೆ ಒಟ್ಟು 0.85 ಓಮ್ ಆಯಿತಾ? 2 ಆಂಪಿಯರ್ ಎಳೆದರೆ 5 ವೋಲ್ಟಿನಲ್ಲಿ 1.7 ವೋಲ್ಟ್ ದಾರಿಯಲ್ಲೇ ಖರ್ಚು. ಫೋನು ಅಷ್ಟು ಎಳೆಯುವ ಬದಲು ಕರೆಂಟನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅದೇ 24 ಗೇಜ್ ಆದರೆ ನಷ್ಟ 0.7 ವೋಲ್ಟಿನ ಆಸುಪಾಸು. ಎಲ್‌ಇಡಿಗೆ ಚೂರು ಕರೆಂಟ್ ಸಾಕು, ಅದಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕೇಬಲ್ಲಿನ ಎರಡು ತಂತಿ ಒಳಗೊಳಗೇ ತಾಗಿಕೊಂಡು ಶಾರ್ಟ್ ಆಗಿದ್ದರೂ ನನ್ನ ಬೋರ್ಡಿನಲ್ಲಿ ಎರಡೂ ದೀಪ ಸುಮ್ನೆ ಉರಿಯುತ್ತವೆ. ಶಾರ್ಟ್ ನೋಡಲು ಮಲ್ಟಿಮೀಟರೇ (ವೋಲ್ಟ್, ಓಮ್ ಅಳೆಯುವ ಮೀಟರ್) ಬೇಕು.

ಕೇಬಲ್ ಎಷ್ಟು ಕರೆಂಟ್ ತಾಳುತ್ತದೆ ಅಂತ ಚಾರ್ಜರಿಗೆ ಹೇಳುವ ಇ-ಮಾರ್ಕರ್ ಚಿಪ್ಪನ್ನೂ ಇದು ಓದುವುದಿಲ್ಲ. ಸಿ-ಟು-ಸಿ ಕೇಬಲ್ಲಿನಲ್ಲಿ 3 ಆಂಪಿಯರ್ ಮೀರಿ 5 ಆಂಪಿಯರ್ ಹೋಗಬೇಕಾದರೆ ಆ ಚಿಪ್ ಇರಲೇಬೇಕು. ಇಲ್ಲದಿದ್ದರೆ 100 ವ್ಯಾಟ್ ಚಾರ್ಜರ್ ಹಾಕಿದರೂ 20 ವೋಲ್ಟ್, 3 ಆಂಪಿಯರ್, ಅಂದರೆ 60 ವ್ಯಾಟಿಗೇ ನಿಲ್ಲುತ್ತದೆ. ಐಟಿ ಹುಡುಗರು ದೊಡ್ಡ ಲ್ಯಾಪ್‌ಟಾಪ್ ತಂದು "ಅಂಕಲ್, ನಿಮ್ಮ ಕರೆಂಟ್ ವೀಕು" ಅಂದಾಗ ಈ ಚಿಪ್ಪಿನ ಕಥೆ ಹೇಳುತ್ತೇನೆ. ನಂಬುವವರು ಕಡಿಮೆ!

ಇನ್ನೊಂದು ಮುಖ್ಯ ವಿಷಯ, ಎ-ಟು-ಸಿ ಕೇಬಲ್ಲಿನ ರೆಸಿಸ್ಟರ್. ಸಿ ಪ್ಲಗ್ಗಿನೊಳಗೆ ವಿಬಸ್ ಮತ್ತು ಸಿಸಿ ನಡುವೆ 56 ಕಿಲೋ ಓಮ್ ಇರಬೇಕು. ಕಳಪೆ ಕೇಬಲ್ಲಿನಲ್ಲಿ 10 ಕಿಲೋ ಓಮ್ ಹಾಕಿರುತ್ತಾರೆ. ಅದನ್ನು ನೋಡಿ ಫೋನು 3 ಆಂಪಿಯರ್ ಸಿಗುತ್ತದೆ ಅಂದುಕೊಂಡು ಎಳೆಯಲು ಹೋಗುತ್ತದೆ, ಪಾಪ ಹಳೇ ಚಾರ್ಜರೋ ಲ್ಯಾಪ್‌ಟಾಪ್ ಪೋರ್ಟೋ ಬಿಸಿಯಾಗಿ ಒದ್ದಾಡುತ್ತದೆ. 2015ರಲ್ಲಿ ಗೂಗಲ್ ಎಂಜಿನಿಯರ್ ಬೆನ್ಸನ್ ಲೆಯುಂಗ್ ಇಂಥ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷೆ ಮಾಡಿ ಅಮೆಜಾನಿನಲ್ಲಿ ವಿಮರ್ಶೆ ಬರೆದದ್ದು ಇದೇ ಕಾರಣಕ್ಕೆ. ನನ್ನ ಟೆಸ್ಟರಿನ ದೀಪಗಳಿಂದ ಇದು ತಿಳಿಯುವುದಿಲ್ಲ. ಸ್ವಿಚ್ ಆಫ್ ಮಾಡಿ, ಸಿ ತುದಿ ಮಾತ್ರ ಚುಚ್ಚಿ, ಬೋರ್ಡಿನ ಹಿಂದಿನ ಬೆಸುಗೆಗಳಿಗೆ ಮಲ್ಟಿಮೀಟರ್ ಕಡ್ಡಿ ಇಟ್ಟು ಅಳೆಯುತ್ತೇನೆ. 10 ಕಿಲೋ ಬಂದವನ್ನು ಕತ್ತರಿಸಿಯೇ ಎಸೆದಿದ್ದೇನೆ, ಇಲ್ಲದಿದ್ದರೆ ನಮ್ಮ ತೋಟದ ಲೆಕ್ಕ ಬರೆಯುವ ರೈಟರು ಎತ್ತಿಕೊಂಡು ಹೋಗಿ ಬಳಸುತ್ತಾರೆ.

ಬಾಳಿಕೆ ಪರವಾಗಿಲ್ಲ. ಬದಿಗಳು ತೆರೆದೇ ಇರುವುದರಿಂದ ತೇವ ಒಳಗೆ ಹೋಗುತ್ತದೆ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ತಾನಾಗಿ ಆಫ್ ಆಗುವುದಿಲ್ಲ, ಮರೆತರೆ ಸೆಲ್ ಖಾಲಿ. ಹೊಸ ಸೆಲ್ಲೇನೋ ವಾಚ್ ಅಂಗಡಿಗಳಲ್ಲೆಲ್ಲ ಸಿಗುತ್ತದೆ.

ಈಗ ಕೊಳ್ಳುವವರು ಇನ್ನಷ್ಟು ದುಡ್ಡು ಹಾಕಿ ಸ್ಕ್ರೀನ್ ಇರುವುದನ್ನೇ ತಗೊಳ್ಳಿ. ರೆಸಿಸ್ಟೆನ್ಸ್ ಅಂಕಿ ತೋರಿಸಬೇಕು, ಇ-ಮಾರ್ಕರ್ ಓದಬೇಕು. ಮನೆಯಲ್ಲಿ ಆಗಲೇ ಮಲ್ಟಿಮೀಟರ್ ಇದ್ದು, ಅದನ್ನು ಬಳಸಲು ಬೇಜಾರಿಲ್ಲ ಅಂದರೆ ನನ್ನಂಥ ದೀಪದ ಬೋರ್ಡೇ ಸಾಕು. ಮಾರಿದವರ ಸೇವೆಗೆ ಮಾತ್ರ ಸೊನ್ನೆ ಅಂಕ. ಮಿನಿ ಸಾಕೆಟ್ ಬೇಗನೇ ಸಡಿಲವಾಯಿತು, ಬರೆದು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಪೇಟೆಯಲ್ಲಿ ಎಂ.ಜಿ. ರಸ್ತೆಯ ಹತ್ತಿರದ ರಿಪೇರಿ ಹುಡುಗ ಬೆಸುಗೆ ಹಾಕಿ ಕೊಟ್ಟ. ದುಡ್ಡು ಬೇಡ ಅಂಕಲ್ ಅಂದ, ಬದಲಿಗೆ ತನ್ನ ಅಂಗಡಿಯ ಕೇಬಲ್‌ಗಳನ್ನೆಲ್ಲ ಒಂದು ಸಲ ಚುಚ್ಚಿ ನೋಡಿಕೊಂಡ.