ತತ್ವಪದಕ್ಕೆ ಗಿಟಾರು ಇರಲಿ, ಡ್ರಮ್ಸ್ ಸ್ವಲ್ಪ ತಗ್ಗಲಿ

ಗಾಯಕಿಯ ಹೆಸರು ಬರೆಯುವುದಿಲ್ಲ. ಒಂದೆರಡು ತಕರಾರು ಹೇಳುವುದಿದೆ, ಹುಡುಗಿ ಈಗಷ್ಟೇ ಮೇಲೆ ಬರುತ್ತಿದ್ದಾಳೆ, ನಾಳೆ ಯಾರೋ ಅವಳ ಹೆಸರು ಹುಡುಕಿದಾಗ ಮೊದಲು ನನ್ನ ಕೊಂಕೇ ಕಣ್ಣಿಗೆ ಬೀಳುವುದು ಬೇಡ. ಗದಗಿನ ಕಡೆಯವಳು, ಇಳಕಲ್ ಸೀರೆಗೆ ಬಿಳಿ ಸ್ನೀಕರ್ಸ್ ಹಾಕಿಕೊಂಡು ಗಿಟಾರಿನ ಜೊತೆ ಜಾನಪದ ಹಾಡುತ್ತಾಳೆ ಅಂದರೆ ರೀಲ್ಸ್ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ನನಗೆ ತೋರಿಸಿದ್ದೂ ಮಗಳ ಫೋನೇ. ನಾನೂ ಗದಗ ಜಿಲ್ಲೆಯವಳು, ಇಲ್ಲಿ ಬೆಂಗಳೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಗಾಗಿ ಈ ಫೋಕ್-ಪಾಪ್ ಎಂಬುದರ ಬಗ್ಗೆ ಅರ್ಧ ಅಭಿಮಾನ, ಅರ್ಧ ಅನುಮಾನ.

ಕಾರ್ಯಕ್ರಮ ಇದ್ದದ್ದು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ. ಟಿಕೆಟ್ 400 ರೂಪಾಯಿ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ, 2004ರಲ್ಲಿ ಬಾಗಿಲು ತೆರೆದ ಈ ರಂಗಮಂದಿರ ಮೂಲತಃ ನಾಟಕದ ಮನೆ. ಸುಮಾರು 300 ಸೀಟು, ರಂಗ ಜನರ ನಡುವಿಗೇ ಚಾಚಿಕೊಂಡಿದೆ. ಹಿಂದಿನ ಸಾಲಿನಲ್ಲಿ ಕೂತವರಿಗೂ ಹಾಡುವವರ ಮುಖ ಕಾಣುತ್ತದೆ. ಹೊತ್ತು ಮೀರಿ ಬಂದರೆ ಒಳಗೆ ಬಿಡುವುದಿಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಕಥೆ ಅಲ್ಲಿ ನಡೆಯುವುದಿಲ್ಲ. ಮೆಟ್ರೋದಲ್ಲಿ ಬರುವವರು ಹಳದಿ ಮಾರ್ಗದ ರಾಗಿಗುಡ್ಡದಲ್ಲಿ ಇಳಿದು ಆಟೋ ಹಿಡಿಯಿರಿ. ಬೇಗ ಬಂದರೆ ಕೆಫೆಯಲ್ಲಿ ಸಾಬಕ್ಕಿ ವಡೆ ತಿನ್ನಬಹುದು, ತಿನ್ನಲೇಬೇಕು.

ಮೊದಲು ಒಳ್ಳೆಯದು. ಶುರುವಿಗೇ ಗಿಟಾರನ್ನು ಪಕ್ಕಕ್ಕಿಟ್ಟು ಚೌಡಿಕೆ ತೆಗೆದುಕೊಂಡಳು. ಯಲ್ಲಮ್ಮನ ಜೋಗತಿಯರು ಕಂಕುಳಲ್ಲಿ ಅವುಚಿ ನುಡಿಸುವ ಪುಟ್ಟ ವಾದ್ಯ, ಚರ್ಮದಿಂದ ಹೊರಟ ಒಂದೇ ತಂತಿ. ಬಲಗೈಯಲ್ಲಿ ಮೀಟುತ್ತ ಎಡಗೈಯಲ್ಲಿ ತಂತಿಯನ್ನು ಬಿಗಿ ಮಾಡಿ ಸಡಿಲ ಬಿಟ್ಟಂತೆಲ್ಲ ಸ್ವರ ಜಾರುತ್ತದೆ, ಏರುತ್ತದೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಮೇಲೆ ನಮ್ಮ ಸ್ಟಾಫ್ ರೂಮಿನಲ್ಲೂ ಯಲ್ಲಮ್ಮನ ಪದಗಳ ವಿಡಿಯೋ ಓಡಾಡಿದವು. ಆದರೆ ಫೋನಿನ ಸ್ಪೀಕರಿಗೆ ಆ ತಂತಿಯ ಗುಂಯ್‌ಗುಟ್ಟುವಿಕೆ ದಕ್ಕುವುದೇ ಇಲ್ಲ. ಇಲ್ಲಿ ಮೈಕನ್ನು ತುಸು ದೂರವಿಟ್ಟು ನುಡಿಸಿದಳು. ತಂತಿ ಜಾರುವಾಗ ಅವಳ ಕೈಬಳೆ ಚರ್ಮಕ್ಕೆ ತಗುಲುವ ಟಕ್ ಎನ್ನುವ ಸದ್ದೂ ಕೇಳಿಸಿತು. ಹುಡುಗಿ ಜೋಗತಿಯರ ಹಾವಭಾವ ಅನುಕರಿಸಲು ಹೋಗಲಿಲ್ಲ, ಅರಿಶಿನ ಬಳಿದುಕೊಂಡು ಬರಲಿಲ್ಲ. ಯಾರಿಂದ ಕಲಿತೆ ಎಂದು ಹೇಳಿ, ಕಲಿತಷ್ಟನ್ನು ಹಾಡಿದಳು. ಅದು ನನಗೆ ಹಿಡಿಸಿತು.

ಆಮೇಲಿನದು ಬೀಸುವ ಪದ. ತ್ರಿಪದಿಯಲ್ಲಿ ಮೂರೇ ಸಾಲಾದರೂ ಹಾಡುವಾಗ ನಡುವಿನ ಸಾಲು ಇನ್ನೊಮ್ಮೆ ತಿರುಗಿ ಬರುತ್ತದೆ. ಪಠ್ಯದಲ್ಲಿ ಇದನ್ನು ಎಷ್ಟು ಹೇಳಿಕೊಟ್ಟರೂ ಮಕ್ಕಳ ಮುಖ ಖಾಲಿ. ಇವಳು ಪಾಠ ಗೀಠ ಏನೂ ಮಾಡದೆ ಆ ತಿರುಗುವ ಸಾಲನ್ನು ನಮ್ಮ ಕೈಗೆ ಕೊಟ್ಟುಬಿಟ್ಟಳು. ಬೀಸುಕಲ್ಲಿನ ಎದುರು ಬದುರು ಕೂತು ಒಬ್ಬಾಕೆ ಎತ್ತಿದ್ದನ್ನು ಇನ್ನೊಬ್ಬಾಕೆ ಹಿಡಿಯುತ್ತಾಳಲ್ಲ, ಹಾಗೆ. ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸುವ ಕಾಲಡಿಯ ಲೂಪ್ ಪೆಡಲಿನಲ್ಲಿ ಗರಗರ ಸದ್ದು ಸುತ್ತುತ್ತಿತ್ತು. ಮೊದಲ ಸುತ್ತಿನಲ್ಲಿ ನಮ್ಮದು ಬರೀ ಗೊಣಗಾಟ. “ಯಾಕ್ರೀ ಅಕ್ಕಾರ, ಹಿಟ್ಟು ದಪ್ಪ ಬೀಳಾಕ್ಹತ್ತೈತಿ!” ಅಂದಳು. ಸಭೆ ನಕ್ಕಿತು, ಆಮೇಲೆ ಹಾಡಿತು. ನನ್ನ ಪಕ್ಕದ ಟೀ-ಶರ್ಟ್ ಹುಡುಗ, ಕನ್ನಡ ಅಷ್ಟಕ್ಕಷ್ಟೇ ಅಂತ ಉಚ್ಚಾರಣೆಯಲ್ಲೇ ತಿಳಿಯುತ್ತಿತ್ತು, ಅವನೂ ಕೊನೆಯ ಹೊತ್ತಿಗೆ ಸರಿಯಾದ ಜಾಗದಲ್ಲಿ ದನಿಗೂಡಿಸುತ್ತಿದ್ದ.

ಇನ್ನು ತಕರಾರು. ಇಂಥ ಮಂದಿರಕ್ಕೆ ಅಷ್ಟು ಡ್ರಮ್ಸ್ ಯಾಕೆ? ಮೊದಲ ಅರ್ಧ ಗಂಟೆ ಪದ ಪದವೂ ಕೇಳಿತು. ಡ್ರಮ್ಸಿನವನೂ ಬೇಸ್ ಗಿಟಾರಿನವನೂ ಸೇರಿಕೊಂಡ ಮೇಲೆ ಸಾಹಿತ್ಯ ಅರ್ಧಕ್ಕರ್ಧ ಮುಳುಗಿತು. ತಪ್ಪು ಮಂದಿರದ್ದಲ್ಲ, ತಂಡದ ಜೊತೆಯೇ ಬಂದ ಸೌಂಡಿನವರದ್ದು. ಅವರಿಗೆ ಕಾಲೇಜು ಫೆಸ್ಟಿನ ಅಳತೆಯೇ ಕೈಗೆ ಕೂತಿರಬೇಕು. ಮೈದಾನದಲ್ಲಿ ಸದ್ದು ಬೇಕು, ಒಪ್ಪಿದೆ. 2005ರಲ್ಲಿ ಸಿ. ಅಶ್ವತ್ಥ್ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿದಾಗ ಅಲ್ಲಿ ಸೇರಿದ್ದು ಜನಸಾಗರ. ಆದರೂ ಆ ಮನುಷ್ಯನ ಗಂಟಲಿನಲ್ಲಿ ಒಂದಕ್ಷರವೂ ಕಳೆದುಹೋಗುತ್ತಿರಲಿಲ್ಲ. 300 ಜನರ ಮುಂದೆ ಅಕ್ಷರ ಕಳೆದುಹೋದರೆ ಏನನ್ನೋಣ?

ಮಾತೂ ಸ್ವಲ್ಪ ಜಾಸ್ತಿ. ಅವಳ ಮಾತು ಚಂದ, ನಗು ಇನ್ನೂ ಚಂದ, ಅದು ಅವಳಿಗೂ ಗೊತ್ತಿದೆ. ಬಾಡಿಗೆ ಮನೆ ಓನರ್ ಆಂಟಿಯ ಮಿಮಿಕ್ರಿ ಒಂದು ಸಲಕ್ಕೆ ಸಾಕಿತ್ತು. ಎರಡನೇ ಸಲಕ್ಕೆ ನಾನು ಗಡಿಯಾರ ನೋಡಿದೆ. ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು.

ಕೊನೆಗೆ ಎಲ್ಲರೂ ‘ಕೋಡಗನ ಕೋಳಿ ನುಂಗಿತ್ತ’ ಬೇಕೆಂದು ಕೂಗಿದರು. ಶಿಶುನಾಳ ಶರೀಫರ ತತ್ವಪದವೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಅದೇ, ಅದಕ್ಕೂ ಅಶ್ವತ್ಥರೇ ಕಾರಣ. ಈಗಿನ ಬ್ಯಾಂಡುಗಳ ಕೈಗೆ ಸಿಕ್ಕರೆ ಅದು ಕುಣಿಯುವ ಹಾಡು. ಒಂದನ್ನೊಂದು ನುಂಗುವ ಚಮತ್ಕಾರಕ್ಕೆ ಚಪ್ಪಾಳೆ ಹೊಡೆಯುವುದರಲ್ಲಿ ಕೊನೆಯ ಸಾಲಿನ ಗೋವಿಂದ ಗುರುವಿನ ಪಾದದವರೆಗೆ ಕಿವಿ ತಲುಪುವುದೇ ಇಲ್ಲ. ಇವಳು ಡ್ರಮ್ಸಿನವನಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿ, ಗಿಟಾರಿನ ಎರಡೇ ತಂತಿ ಮೀಟುತ್ತ, ನಿಧಾನಕ್ಕೆ ಹಾಡಿದಳು. ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳಿಗೆ ತಾಳ ಸಿಗಲಿಲ್ಲ, ಕೆಳಗಿಳಿದವು. ನುಂಗುವ ಪಟ್ಟಿ ಬೆಳೆದಂತೆ ಮೊದಮೊದಲು ನಗುತ್ತಿದ್ದವರು ಆಮೇಲೆ ನಗಲಿಲ್ಲ. ನುಂಗಿ ನುಂಗಿ ಕಡೆಗೆ ‘ನಾನು’ ಎಂಬುದೂ ಉಳಿಯುವುದಿಲ್ಲ ಎನ್ನುವ ಹಾಡದು. ಹತ್ತನೇ ಕ್ಲಾಸಿಗೆ ಇದನ್ನು ವಿವರಿಸಿ ಸೋತಿರುವ ನಾನು ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ.

ಹಾಡಿಗೆ ಪೂರ್ತಿ ಅಂಕ, ಸೌಂಡಿಗೆ ಪಾಸ್ ಮಾರ್ಕೂ ಇಲ್ಲ. ಇನ್ನೊಮ್ಮೆ ಇದೇ ಅಳತೆಯ ಮಂದಿರದಲ್ಲಿ ಹಾಡಿದರೆ 400 ಅಲ್ಲ, 600 ಕೊಟ್ಟಾದರೂ ಹೋಗುತ್ತೇನೆ. ಬಯಲಿನಲ್ಲಾದರೆ ಫ್ರೀ ಪಾಸ್ ಕೊಟ್ಟರೂ ಯೋಚಿಸುವೆ. ಬ್ಯಾಂಡನ್ನೇ ಬಿಟ್ಟು ಹಾಡಬಾರದೇ ಎಂದು ಹೊರಗೆ ಬರುತ್ತ ಮಗಳಿಗೆ ಹೇಳಿದೆ. “ಅಮ್ಮಾ, ಡ್ರಮ್ಸ್ ಇಲ್ಲ ಅಂದ್ರೆ ನನ್ ಫ್ರೆಂಡ್ಸ್ ಒಬ್ರೂ ಬರಲ್ಲ” ಅಂದಳು. ಬರಲಿ ಮಾರಾಯ್ತಿ, ಎಲ್ಲರನ್ನೂ ಕರಕೊಂಡು ಬಾ. ಆ ಸೌಂಡಿನವನಿಗೆ ಮಾತ್ರ ಯಾರಾದರೂ ಎರಡು ಗುಬುಟು ಕೆಳಗಿಳಿಸಲು ಹೇಳಿ.