ಯಾವೂರು ಅಂತ ಮೊದಲು ಕೇಳುವ ನಾಣ್ಯ ವ್ಯಾಪಾರಿ: ಹುಷಾರಾಗಿರಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಳೆ ನಾಣ್ಯ ಕೂಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸದಾಗಿ ಶುರು ಮಾಡಿದವರಂತೂ ಓದಲೇಬೇಕು. ಇತ್ತೀಚೆಗೆ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಾಣ್ಯ ಮತ್ತು ನೋಟುಗಳ ಪ್ರದರ್ಶನ ಇತ್ತು. ಅಲ್ಲಿ ಒಬ್ಬ ನನಗೆ 6,500 ರೂಪಾಯಿ ಟೋಪಿ ಹಾಕಿದ. ದುಡ್ಡು ದೊಡ್ಡದಲ್ಲ ಅನ್ನಬಹುದು. ಆದರೆ ಅವನು ಮಾಡುವ ರೀತಿ ಇದೆಯಲ್ಲ, ಅದು ನಮ್ಮ ಭಾಗದವರ ಮೈಗೇ ಅಳತೆ ತಗೊಂಡು ಹೊಲಿಸಿದ ಅಂಗಿ ಇದ್ದ ಹಾಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವ್ಯಾಪಾರಿಯ ಹೆಸರು, ಪ್ರದರ್ಶನ ನಡೆಸಿದವರ ಹೆಸರು ಬರೆಯುವುದಿಲ್ಲ. ನನ್ನ ಕೈಯಲ್ಲಿ ಬಿಲ್ ಇಲ್ಲ, ಯಾಕೆ ಇಲ್ಲ ಅನ್ನುವುದು ಮುಂದೆ ಬರುತ್ತದೆ.

ಮೊದಲೇ ಒಂದು ಮಾತು. ಅಲ್ಲಿದ್ದ ಮೇಜಿನವರೆಲ್ಲ ಮೋಸಗಾರರಲ್ಲ. ಬಹಳ ಮಂದಿ ಒಳ್ಳೆಯವರಿದ್ದರು. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ, ಕೊಳ್ಳದಿದ್ದರೂ ಮುಖ ಗಂಟು ಹಾಕುವುದಿಲ್ಲ, ತೂಕದ ಯಂತ್ರ ಮೇಜಿನ ಮೇಲೇ ಇಟ್ಟಿರುತ್ತಾರೆ. ನನ್ನ ಸಂಗ್ರಹ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗಳದ್ದು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯಲ್ಲಿ ಇಸವಿಯ ಕೆಳಗೆ ಸಣ್ಣ ಚುಕ್ಕೆಗಳಿರುತ್ತವೆ. ಇಸವಿ 1862 ಅಂತಲೇ ಇಟ್ಟು ಹಲವು ವರ್ಷ ಟಂಕಿಸಿದ್ದರಿಂದ ಆ ಚುಕ್ಕೆ ಎಣಿಸುವುದೇ ಒಂದು ಹುಚ್ಚು. ಬೆಳಿಗ್ಗೆ ಅದರಲ್ಲೇ ಮುಳುಗಿದ್ದೆ, ಎರಡು ಒಳ್ಳೆಯ ರೂಪಾಯಿ ಸಿಕ್ಕವು, ಬಿಲ್ಲೂ ಕೊಟ್ಟರು.

ಆಮೇಲೆ ಮೂಲೆಯಲ್ಲಿದ್ದ ಒಂದು ಮೇಜಿಗೆ ಹೋದೆ. ಕೆಂಪು ಮಖಮಲ್ ಬಟ್ಟೆ ಹಾಸಿದ್ದ. ನಾನು ಬಗ್ಗಿ ನೋಡುವ ಮೊದಲೇ ಕೇಳಿದ: "ಯಾವೂರ್ರಿ ಸರ ನಿಮ್ದು?"

ಧಾರವಾಡ ಅಂದೆ.

"ಹಂಗಾದ್ರ ನಿಮಗ ಒಂದು ಮಾಲ್ ತೋರಸ್ತೀನಿ ತಡೀರಿ. ಎಲ್ಲಾರಿಗೂ ತಗದು ತೋರ್ಸೂದಿಲ್ಲ ನಾವು."

ಮೇಜಿನ ಕೆಳಗಿಂದ ತಗಡಿನ ಡಬ್ಬಿ ತೆಗೆದ. ಅದರೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಟಿಪ್ಪು ಸುಲ್ತಾನನ ತಾಮ್ರದ ಪೈಸೆ. ಒಂದು ಬದಿ ಆನೆ, ಇನ್ನೊಂದು ಬದಿ ಪರ್ಶಿಯನ್ ಬರಹ. "ಇದು ನಿಮ್ಮ ಧಾರವಾಡ ಟಂಕಸಾಲಿದ್ದ್ರಿ ಸರ. ಟಿಪ್ಪು ಧಾರವಾಡದ ಹೆಸರು ಬದಲಿ ಮಾಡಿದ್ದ, ಖುರ್ಷಿದ್ ಸವಾದ್ ಅಂತ. ಮರಾಠರು ಬಂದು ಊರು ತಗೊಂಡ್ರು, ಟಂಕಸಾಲಿ ಬಂದ್ ಆತು. ಇಡೀ ಜಿಲ್ಲಾದಾಗ ಇಂಥಾವು ಎಷ್ಟದಾವು ಹೇಳ್ರಿ?"

ಈಗ ನೀವು ಗಮನಿಸಬೇಕಾದ್ದು ಇಲ್ಲಿದೆ. ಅವನು ಹೇಳಿದ ಇತಿಹಾಸದಲ್ಲಿ ಸುಳ್ಳಿಲ್ಲ. ಟಿಪ್ಪು ತನ್ನ ಟಂಕಸಾಲೆಗಳಿಗೆ, ಅಂದರೆ ನಾಣ್ಯ ಅಚ್ಚು ಹಾಕುವ ಊರುಗಳಿಗೆ, ಹೊಸ ಹೆಸರು ಇಟ್ಟಿದ್ದು ನಿಜ. ಬಳ್ಳಾರಿ ಆಚೆ ಇರುವ ಗುತ್ತಿ ಊರಿಗೆ ಫೈಜ್ ಹಿಸಾರ್, ಧಾರವಾಡಕ್ಕೆ ಖುರ್ಷಿದ್ ಸವಾದ್. 1791ರಲ್ಲಿ ಧಾರವಾಡ ಕೋಟೆ ಮರಾಠರ ಕೈಗೆ ಹೋದದ್ದೂ ನಿಜ. ಧಾರವಾಡದ ಹೆಸರಿರುವ ಪೈಸೆ ಅಪರೂಪ ಅನ್ನುವುದೂ ನಿಜ. ಮನೆಗೆ ಹೋಗಿ ಹುಡುಕಿ ನೋಡಿದರೂ ಇದೇ ಸಿಗುತ್ತದೆ. ಕಥೆ ಎಲ್ಲ ಖರೆ. ಅವನ ಕೈಯಲ್ಲಿದ್ದ ನಾಣ್ಯ ಮಾತ್ರ ಖೊಟ್ಟಿ.

9,000 ಅಂದವನು 6,500ಕ್ಕೆ ಇಳಿದ. ಫೋನ್ ತೆಗೆದರೆ "ನೆಟ್ವರ್ಕ್ ಇಲ್ರಿ ಇಲ್ಲೆ, ಕ್ಯಾಶ್ ಕೊಡ್ರಿ" ಅಂದ. ಪಕ್ಕದ ಮೇಜಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಲೇ ಇದ್ದರು! ಬಿಲ್ ಕೇಳಿದೆ. ಬಿಲ್ ಬದಲು ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಕೊಟ್ಟ. ಮೇಲೆ ಗುಂಡಗಿನ ಸೀಲು, ಕೆಳಗೆ "100% ಅಸಲಿ" ಅಂತ ಅಚ್ಚು. ಅದರ ಮೇಲೆ ತಾರೀಖಿಲ್ಲ, ಫೋನ್ ನಂಬರಿಲ್ಲ, ಯಾವ ನಾಣ್ಯಕ್ಕೆ ಕೊಟ್ಟದ್ದು ಅಂತಲೂ ಇಲ್ಲ. ಅಂಥ ಕಾರ್ಡನ್ನು ಯಾರು ಬೇಕಾದರೂ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಬಹುದು ಅಲ್ವಾ.

ಮಧ್ಯಾಹ್ನ ಹೊರಗೆ ಚಹಾ, ಗಿರಮಿಟ್ ಮುಗಿಸಿ ಮತ್ತೆ ಒಳಗೆ ಬಂದೆ. ಬಾಗಿಲ ಹತ್ತಿರದ ಮೇಜಿನಲ್ಲಿ ಬೆಳಗಾವಿ ಕಡೆಯ ಒಬ್ಬ ಹಿರಿಯರು ಕೂತಿದ್ದರು. ಟಿಪ್ಪು, ಆದಿಲಶಾಹಿ, ಮರಾಠರ ತಾಮ್ರದ ನಾಣ್ಯಗಳೇ ಅವರ ಮಾಲು. ಖುಷಿಯಿಂದ ಅವರಿಗೆ ತೋರಿಸಿದೆ. ಅವರು ಆನೆಯನ್ನು ನೋಡಲೇ ಇಲ್ಲ. ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದು, ಬೆಳಕಿಗೆ ಅಡ್ಡ ತಿರುಗಿಸಿ, ಅಂಚಿನ ಸುತ್ತ ನಿಧಾನಕ್ಕೆ ನೋಡಿದರು.

"ತಮ್ಮಾ, ಇದನ್ನ ಕುಟ್ಟಿಲ್ಲ. ಹೊಯ್ದಾರ."

ಟಿಪ್ಪುವಿನ ಪೈಸೆಯನ್ನು ಕೈಯಿಂದ ಸುತ್ತಿಗೆ ಏಟು ಹಾಕಿ ಅಚ್ಚೊತ್ತುತ್ತಿದ್ದರು. ಇದು ಎರಕ ಹೊಯ್ದದ್ದು. ಅಂಚಿನಲ್ಲಿ ಸುತ್ತಲೂ ಅರ ಹಾಕಿ ಉಜ್ಜಿದ ಗೀರು ತೋರಿಸಿದರು, ಎರಡು ಅಚ್ಚಿನ ಜೋಡಣೆ ಗೆರೆ ಅಳಿಸೋಕೆ ಹಾಗೆ ಉಜ್ಜುತ್ತಾರಂತೆ. ಭೂತಗನ್ನಡಿ ಕೊಟ್ಟರು. ಆನೆಯ ಹೊಟ್ಟೆಯ ಮೇಲೆ, ಏನೂ ಇರಬಾರದ ಜಾಗದಲ್ಲಿ, ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಎರಕದಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಹಾಗೆ ಆಗುತ್ತದೆ. ಅಕ್ಷರಗಳ ಅಂಚು ಮೊಂಡು. ಸವೆದು ಮೊಂಡಾದರೆ ಎತ್ತರದ ಭಾಗ ಮಾತ್ರ ಸವೆಯುತ್ತದೆ, ಇಲ್ಲಿ ತಗ್ಗಿನಲ್ಲಿರುವ ಗೆರೆಯೂ ಮೊಂಡು. ತೂಕ ಮಾಡಿದರು: 8.9 ಗ್ರಾಂ. ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ ಇರಬೇಕು. ಸವೆತಕ್ಕೆ ಸ್ವಲ್ಪ ಬಿಡಬಹುದು, ಎರಡು ಗ್ರಾಂ ಎಲ್ಲಿ ಹೋಯಿತು?

ಮುಂದಿನದು ಕೇಳಿ ನನಗೆ ನಗು ಬಂತು, ಸಿಟ್ಟೂ ಬಂತು. ಅವರು ಹಿಂಬದಿಯ ಪರ್ಶಿಯನ್ ಬರಹ ಓದಿದರು. ಅದರಲ್ಲಿ ಖುರ್ಷಿದ್ ಸವಾದ್ ಅಂತ ಇರಲೇ ಇಲ್ಲ. "ಪಟ್ಟಣ" ಅಂತ ಇತ್ತು, ಅಂದರೆ ಶ್ರೀರಂಗಪಟ್ಟಣ. ಟಿಪ್ಪುವಿನ ಪೈಸೆಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಅದೇ. ಅವರ ಡಬ್ಬಿಯಲ್ಲೇ ಅಸಲಿ ಪಟ್ಟಣ ಪೈಸೆಗಳ ರಾಶಿ ಇತ್ತು, ಒಂದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಅಂದರೆ ಅವನು ಕೊಟ್ಟದ್ದು ಸಾದಾ ನಾಣ್ಯದ ನಕಲು. ಓದೋಕೆ ಬರದವರಿಗೆ ಧಾರವಾಡದ್ದು ಅಂದರೆ ಧಾರವಾಡದ್ದು. ಬಳ್ಳಾರಿಯವರು ಬಂದಿದ್ದರೆ ಇದೇ ಪೈಸೆ ಗುತ್ತಿಯದ್ದಾಗುತ್ತಿತ್ತೋ ಏನೋ.

ಇನ್ನೊಂದು ಒಳ್ಳೆ ವಿಷಯ ಆ ಕಾಕಾ ಹೇಳಿಕೊಟ್ಟರು. ಟಿಪ್ಪು ಮೌಲೂದಿ ಅನ್ನುವ ಬೇರೆ ಶಕ ಶುರು ಮಾಡಿದ ಮೇಲೆ ನಾಣ್ಯದ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಅಂತ ಓದಬೇಕಾದ್ದು ಎಡದಿಂದ ನೋಡಿದರೆ 5121 ಅಂತ ಕಾಣುತ್ತದೆ. ಅಂಕಿಗಳು ಮಾತ್ರ ಗುರುತು ಸಿಕ್ಕರೂ ಸಾಕು, ನಕಲಿ ಮಾಡಿದವನಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೆ ಅಲ್ಲೇ ಸಿಕ್ಕಿ ಬೀಳುತ್ತಾನೆ. ಆದರೆ ನನ್ನದರ ಹಾಗೆ ಅಸಲಿಯಿಂದಲೇ ಅಚ್ಚು ತೆಗೆದಿದ್ದರೆ ಇಸವಿ ಸರಿಯಾಗೇ ಇರುತ್ತದೆ. ಆವಾಗ ಅಂಚು ಮತ್ತು ತೂಕವೇ ಗತಿ.

ವಾಪಸ್ ಆ ಮೂಲೆಯ ಮೇಜಿಗೆ ಹೋದೆ. ಅಲ್ಲಿ ಬೇರೆ ಗಿರಾಕಿ ನಿಂತಿದ್ದರು. ಕನ್ನಡ ಶಾಲೆಯ ಮಾಸ್ತರರಂತೆ, ಮಾತಿನಲ್ಲಿ ಗೊತ್ತಾಯಿತು. ಸುಮ್ನೆ ಹಿಂದೆ ನಿಂತು ಕೇಳಿಸಿಕೊಂಡೆ.

"ಯಾವೂರ್ರಿ ಮಾಸ್ತರ್ರ?"

"ಗದಗ."

"ಗದಗೇನ್ರೀ! ಹಂಗಾದ್ರ ಇದು ನಿಮ್ಮ ಮನೀ ವಸ್ತುನ ಅನ್ರಿ. ಲಕ್ಕುಂಡ್ಯಾಗ ಹೊಲ ಹರಗೂ ಮುಂದ ಸಿಕ್ಕದ್ದು. ಲೊಕ್ಕಿ ಗದ್ಯಾಣ."

ಅದೇ ಡಬ್ಬಿ, ಅದೇ ಕಾಗದದ ಪೊಟ್ಟಣ. ಈ ಸಲ ಹಳದಿ ಬಣ್ಣದ ಸಣ್ಣ ಬಿಲ್ಲೆ. ಗದ್ಯಾಣ ಅಂದರೆ ಹಳೆ ಕಾಲದ ಬಂಗಾರದ ನಾಣ್ಯ. ಇಲ್ಲಿಯೂ ಅದೇ ಕಸುಬು ನೋಡಿ. ಲಕ್ಕುಂಡಿಯ ಹಳೆ ಹೆಸರು ಲೊಕ್ಕಿಗುಂಡಿ, ಅಲ್ಲಿ ಟಂಕಸಾಲೆ ಇತ್ತು, ಶಾಸನಗಳಲ್ಲಿ ಲೊಕ್ಕಿ ಗದ್ಯಾಣದ ಹೆಸರಿದೆ, ಎಲ್ಲ ಸರಿ. ಗದಗಿನ ಮಾಸ್ತರರಿಗೆ ಇದೆಲ್ಲ ಮೊದಲೇ ಗೊತ್ತಿರುತ್ತದೆ, ಗೊತ್ತಿದ್ದದ್ದನ್ನೇ ಇನ್ನೊಬ್ಬ ಹೇಳಿದಾಗ ಅವನ ಮೇಲೆ ನಂಬಿಕೆ ಬರುತ್ತದೆ. ಹಾವೇರಿಯವರು ಬಂದರೆ ಸವಣೂರ ನವಾಬರ ಖಜಾನೆ ಅನ್ನುತ್ತಾನಂತೆ, ಇದನ್ನು ಆಮೇಲೆ ಪಕ್ಕದ ಮೇಜಿನವರೇ ಹೇಳಿದರು. ಹೇಳಿದವರು ಬೆಳಿಗ್ಗೆ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದರೆ "ನಮಗ್ಯಾಕ್ರಿ ಮಂದಿ ಉಸಾಬರಿ" ಅಂದರು.

ಮಾಸ್ತರರು ಜಾಣರು. "ಹೊರಗ ಪತ್ತಾರರ ಅಂಗಡಿ ಐತಿ, ಬಂಗಾರ ಹೌದಿಲ್ಲೋ ತೋರಿಸಿಕೊಂಡು ಬರ್ತೀನಿ, ನೀವೂ ಬರ್ರಿ" ಅಂದರು. ಅವನು ಒಪ್ಪಲಿಲ್ಲ. ನಾಣ್ಯ ಮಂಟಪದ ಹೊರಗೆ ಒಯ್ಯುವ ಹಾಗಿಲ್ಲ, ರೂಲ್ಸು ಅಂದ. ಅಂಥ ರೂಲ್ಸು ಯಾವುದೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮಾಸ್ತರರು ನಕ್ಕು ನಡೆದರು.

ಹೊಲದಲ್ಲಿ ಸಿಕ್ಕದ್ದು ಅನ್ನುವ ಮಾತಿಗೆ ಇನ್ನೂ ಒಂದು ತೊಡಕಿದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾನೂನು ಬ್ರಿಟಿಷರ ಕಾಲದ 1878ರಿಂದಲೇ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹಾಗಾಗಿ ಅವನ ಕಥೆ ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು, ನಿಜವಾದರೆ ಪೊಲೀಸರು ಮನೆಗೆ ಬಂದಾರು.

ಸರಿ, ನನ್ನ ಸರದಿ. ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇತ್ತು, ಒಳಗೆ ಇನ್ನೊಂದು ಆನೆ ಪೈಸೆ ಕಂಡಿತು. ಅದನ್ನು ತೆಗೆದು ನನ್ನದರ ಪಕ್ಕ ಇಟ್ಟೆ. ಆನೆಯ ಹಿಂಗಾಲಿನ ಹತ್ತಿರ ಒಂದು ಓರೆ ಗೀರು, ನನ್ನದರಲ್ಲೂ ಇದೆ, ಅದರಲ್ಲೂ ಇದೆ. ಸುತ್ತಲಿನ ಚುಕ್ಕೆ ಸಾಲು ಎರಡರಲ್ಲೂ ಒಂದೇ ಜಾಗದಲ್ಲಿ ಕಡಿದಿದೆ. ಸುತ್ತಿಗೆ ಏಟಿನ ನಾಣ್ಯ ಒಂದಿದ್ದ ಹಾಗೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಚಿತ್ರ ಎಡಕ್ಕೆ ಜಾರಿರುತ್ತದೆ, ಇನ್ನೊಂದರಲ್ಲಿ ಮೇಲಕ್ಕೆ. ಇನ್ನು ಬಳಸುವಾಗ ಬಿದ್ದ ಗೀರು ಎರಡಕ್ಕೂ ಒಂದೇ ಕಡೆ ಬೀಳುವುದು ಹೇಗೆ? ಇಡೀ ಜಿಲ್ಲೆಯಲ್ಲಿ ಎಷ್ಟಿದ್ದಾವು ಅಂದವನ ಡಬ್ಬಿಯಲ್ಲೇ ಅವಳಿ ಜವಳಿ!

ದುಡ್ಡು ವಾಪಸ್ ಕೇಳಿದೆ. "ಮಾಲು ನೋಡಿ ತಗೊಂಡೀರಿ, ವಾಪಸ್ ಇಲ್ರಿ" ಅಂದ. ದನಿ ಏರಿತು, ಜನ ಸೇರಿದರು. ಪ್ರದರ್ಶನ ನಡೆಸುವವರನ್ನು ಕರೆದೆ. ಅವರ ಮಾತು ನನಗೆ ಅವನಿಗಿಂತ ಜಾಸ್ತಿ ಸಿಟ್ಟು ತರಿಸಿತು: "ನಾವು ಟೇಬಲ್ ಬಾಡಿಗಿ ಕೊಟ್ಟೀವ್ರಿ, ವ್ಯಾಪಾರ ನಿಮ್ಮಿಬ್ಬರ್ದು." ಹಾಗಾದರೆ ಬಾಗಿಲಲ್ಲಿ ಅಷ್ಟು ದೊಡ್ಡ ಬ್ಯಾನರ್ ಮೇಲೆ "ಅಸಲಿ ನಾಣ್ಯಗಳ ಪ್ರದರ್ಶನ" ಅಂತ ಯಾಕೆ ಬರೆಸಿದ್ದು? ಕೊನೆಗೆ ಗದ್ದಲ ತಪ್ಪಿಸೋಕೆ ಅವನು 2,000 ಕೈಗೆ ತುರುಕಿ, ಉಳಿದದ್ದು ಸಂಜೆ ಕೊಡ್ತೀನಿ ಅಂದ. ಸಂಜೆಗೆ ಮೇಜು ಖಾಲಿ, ಮಖಮಲ್ ಬಟ್ಟೆಯೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ ಅಂದರೆ ಯಾರ ಮೇಲೆ ಅಂತ ದೂರು ಕೊಡುವುದು? ಬಿಲ್ ಇಲ್ಲ, ಹೆಸರಿಲ್ಲ, ಫೋನಿನಲ್ಲಿ ದುಡ್ಡು ಕೊಟ್ಟ ಗುರುತೂ ಇಲ್ಲ. ಕ್ಯಾಶ್ ಯಾಕೆ ಕೇಳಿದ ಅಂತ ಈಗ ಗೊತ್ತಾಯಿತಲ್ಲ.

ಅಂಥ ಮೇಜನ್ನು ದೂರದಿಂದಲೇ ಗುರುತಿಸೋಕೆ ಒಂದು ಸುಲಭ ದಾರಿ ಇದೆ. ರಾಮ ಸೀತೆ ಪಟ್ಟಾಭಿಷೇಕವೋ ಹನುಮಂತನೋ ಇರುವ, "ಈಸ್ಟ್ ಇಂಡಿಯಾ ಕಂಪನಿ 1818" ಅಂತ ಬರೆದ ದೊಡ್ಡ ತಾಮ್ರದ ನಾಣ್ಯ ಮಾರಾಟಕ್ಕಿದೆಯಾ ನೋಡಿ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಕೆಲವದರಲ್ಲಿ 1616, 1717 ಅಂತಲೂ ಇರುತ್ತದೆ, ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದಕ್ಕಿದೆ ಅಂತ ಲಕ್ಷ ಲಕ್ಷ ಟೋಪಿ ಹಾಕುವುದೂ ಇಂಥದ್ದರಿಂದಲೇ. ದೇವರ ಜಗಲಿ ಮೇಲೆ ಇಡೋಕೆ ಬೇಕಿದ್ದರೆ ನೂರಿನ್ನೂರಕ್ಕೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಹಳೆ ನಾಣ್ಯ ಅಂತ ಮಾರುವವನಿಗೆ ಒಂದೋ ತಿಳಿವಳಿಕೆ ಇಲ್ಲ, ಇಲ್ಲವೇ ಮರ್ಯಾದೆ ಇಲ್ಲ. ಎರಡರಲ್ಲಿ ಯಾವುದಾದರೂ ಅವನ ಹತ್ತಿರ ಏನೂ ಕೊಳ್ಳಬೇಡಿ.

ಅವನ ಮಖಮಲ್ ಮೇಲೆ 1939ರ ಆರನೇ ಜಾರ್ಜ್ ರೂಪಾಯಿಯೂ ಇತ್ತು. ಇದು ನನ್ನ ಕ್ಷೇತ್ರ, ಆದ್ದರಿಂದ ಮುಟ್ಟಲಿಲ್ಲ. 1939ರದ್ದು ನಿಜಕ್ಕೂ ಅಪರೂಪ, ಅದಕ್ಕೇ ನಕಲಿಯೂ ಬಹಳ. ಆ ವರ್ಷದವರೆಗೆ ರೂಪಾಯಿಯಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, 1940ರಿಂದ ಅರ್ಧಕ್ಕರ್ಧ. ತೂಕ ಎರಡಕ್ಕೂ 11.66 ಗ್ರಾಂ. ಬೆಳ್ಳಿಗಿಂತ ಹಗುರವಾದ ಲೋಹ ಹಾಕಿ ಅದೇ ತೂಕ ತರಬೇಕಾದರೆ ನಾಣ್ಯ ದಪ್ಪ ಆಗಲೇಬೇಕು, ಆದ್ದರಿಂದ ಜೇಬಿನಲ್ಲಿ 1938ರ ಒಂದು ಸಾದಾ ಜಾರ್ಜ್ ರೂಪಾಯಿ ಇಟ್ಟುಕೊಂಡು ಹೋಗಿ, ಪಕ್ಕಕ್ಕೆ ನಿಲ್ಲಿಸಿ ದಪ್ಪ ಹೋಲಿಸಿ. 1938ರ ಕೊನೆಯ 8ನ್ನು ಕೆತ್ತಿ 9 ಮಾಡಿದ್ದೂ ಇರುತ್ತದೆ, ಭೂತಗನ್ನಡಿಯಲ್ಲಿ ಆ ಅಂಕಿಯ ಸುತ್ತಲಿನ ಮೈ ನೋಡಿ, ಉಳಿದ ಅಂಕಿಗಳ ಹಾಗೆ ಇದೆಯೇ ಅಂತ. ಜೇಬಿನಲ್ಲಿಡುವ ತೂಕದ ಯಂತ್ರ ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ. ತೂಕ ಮಾಡೋಕೆ ಬಿಡದ ಮೇಜಿನಲ್ಲಿ ನಿಲ್ಲಬೇಡಿ.

ಮಂಟಪದ ಗೇಟಿನ ಹತ್ತಿರ ಇಬ್ಬರು ಹುಡುಗರು ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಾಂತರ ಕೊಡಿಸ್ತೀವಿ, ಮೊದಲು ರಿಸರ್ವ್ ಬ್ಯಾಂಕಿಗೆ ಫೀಸು ಕಟ್ಟಬೇಕು ಅಂತ ಒಬ್ಬ ಅಜ್ಜಿಯ ಹತ್ತಿರ ಮಾತಾಡುತ್ತಿದ್ದರು. ಹಳೆ ನಾಣ್ಯ-ನೋಟಿನ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಫೀಸು ಕಮಿಷನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿದೆ. ಅಜ್ಜಿಗೆ ಹೇಳಿ ಕಳಿಸಿದೆ.

ಈ ಮನುಷ್ಯ ಮುಂದೆ ಗದಗಿನಲ್ಲೋ ಹಾವೇರಿಯಲ್ಲೋ ಮೇಜು ಹಾಕಬಹುದು. ಬಟ್ಟೆ ಬದಲಿಸಬಹುದು, ಬ್ಯಾನರ್ ಬದಲಿಸಬಹುದು. ಅಚ್ಚು ಬದಲಿಸೋಕೆ ಖರ್ಚಾಗುತ್ತದೆ, ಅದನ್ನು ಬೇಗ ಬದಲಿಸುವುದಿಲ್ಲ. ಆದ್ದರಿಂದ ಗುರುತು ಬರೆದಿಟ್ಟುಕೊಳ್ಳಿ: ತಾಮ್ರದ ಆನೆ ಪೈಸೆ, ಹಿಂಗಾಲಿನ ಹತ್ತಿರ ಓರೆ ಗೀರು, ಅಂಚಿನಲ್ಲಿ ಅರದ ಗುರುತು, ತೂಕ 8.9 ಗ್ರಾಂ, ಹಿಂದೆ ಪಟ್ಟಣ ಅಂತ ಬರಹ. ಧಾರವಾಡದ್ದು ಅಂತ ಹೇಳಿ ಇಂಥದ್ದನ್ನು ನಿಮಗೂ ಯಾರಾದರೂ ಮಾರಿದ್ದರೆ ತಿಳಿಸಿ. ನಾಲ್ಕೈದು ಜನ ಸೇರಿ ನಾಣ್ಯಗಳನ್ನೂ ಕಾರ್ಡುಗಳನ್ನೂ ಒಟ್ಟಿಗೆ ಒಯ್ದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಒಬ್ಬನೇ ಹೋದಾಗ ನನಗೆ ಸಿಕ್ಕದ್ದು ಬರೀ ಸಮಾಧಾನದ ಮಾತು.