ವೈಬ್ರೇಶನ್ ಮ್ಯಾಗ್ನೆಟ್ ಬೇಸ್: ಮಶಿನ್ ಮೇಲೆ ಸೈ, ಬ್ಯಾಗಿನಲ್ಲಿ ರಗಳೆ

ಪೀಣ್ಯದ ಒಂದು ಸಣ್ಣ ಸರ್ವಿಸ್ ಕಂಪನಿಯಲ್ಲಿ ನನ್ನ ಕೆಲಸ. ಕಾರ್ಖಾನೆಗಳಿಗೆ ಹೋಗಿ ಮೋಟಾರ್, ಫ್ಯಾನ್, ಗೇರ್‌ಬಾಕ್ಸ್‌ಗಳ ವೈಬ್ರೇಶನ್ ಅಳೆಯುತ್ತೇನೆ. ಯಾವ ಬೇರಿಂಗ್ ಕೆಡುತ್ತಿದೆ ಅಂತ ಅದು ಕೆಡುವ ಮೊದಲೇ ಹೇಳಬೇಕು, ಅಷ್ಟೇ. ಸೆನ್ಸರ್ ಮಶಿನ್‌ಗೆ ಕಚ್ಚಿಕೊಂಡು ನಿಲ್ಲೋಕೆ ಮ್ಯಾಗ್ನೆಟ್ ಬೇಸ್ ಬೇಕು. ನನ್ನ ಹತ್ತಿರ ಇರುವುದು ಎರಡು ಕಾಲಿನ ನಿಯೋಡಿಮಿಯಮ್ (ತುಂಬ ಬಲವಾದ ಜಾತಿಯ ಮ್ಯಾಗ್ನೆಟ್) ಬೇಸ್, ಒಂದು ಜೊತೆ. ತಗೊಂಡು ಐದು ವರ್ಷ ಆಯ್ತು. ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಿಗಾದರೆ ರೈಲಲ್ಲಿ ಹೋಗುತ್ತೇನೆ, ಯಾರೂ ಏನೂ ಕೇಳಲ್ಲ. ರಾಯಪುರ, ರಾಂಚಿಗೆ ವಿಮಾನವೇ ಗತಿ. ಕಥೆ ಶುರುವಾಗೋದು ಅಲ್ಲಿ.

ಮೊದಲು ಮಶಿನ್ ಮೇಲಿನ ಮಾತು. ಮೋಟಾರಿನ ದುಂಡು ಮೈಗೆ ಈ ಎರಡು ಕಾಲು ಹೇಳಿ ಮಾಡಿಸಿದ ಹಾಗಿದೆ. ಚಪ್ಪಟೆ ಬೇಸ್ ಅಲ್ಲಿ ಅಲ್ಲಾಡುತ್ತದೆ, ಇದು ಕೂತ ಜಾಗ ಬಿಡಲ್ಲ. ಆದರೆ ಸುಮಾರು 2000 ಹರ್ಟ್ಸ್, ಅಂದರೆ ಸೆಕೆಂಡಿಗೆ 2000 ಕಂಪನ, ದಾಟಿದ ಮೇಲೆ ಇದರ ರೀಡಿಂಗನ್ನು ನಾನು ಪೂರ್ತಿ ನಂಬಲ್ಲ. ಅಷ್ಟು ಮೇಲಿನದು ಬೇಕಾದರೆ ಮಶಿನ್‌ಗೆ ಸ್ಟಡ್ (ತಿರುಪಿನ ಕಡ್ಡಿ) ಹಾಕಿ, ಸೆನ್ಸರನ್ನು ಅದಕ್ಕೆ ತಿರುಪಿಯೇ ಅಳೆಯಬೇಕು. ದಪ್ಪ ಪೇಂಟ್ ಇದ್ದರೆ ಹಿಡಿತ ಇನ್ನೂ ಕಮ್ಮಿ. ಹೊಸಬರು ಮಾಡೋ ತಪ್ಪು ಒಂದಿದೆ: ಮ್ಯಾಗ್ನೆಟ್ಟನ್ನು ಹತ್ತಿರ ತಂದು ಕೈ ಬಿಡುತ್ತಾರೆ, ಅದು ಠಪ್ ಅಂತ ಬಡಿಯುತ್ತದೆ. ಆ ಏಟು ಸೆನ್ಸರಿನ ಒಳಗಿನ ಹರಳಿಗೆ ಬೀಳುತ್ತದೆ. ಒಂದು ಕಾಲು ಮೊದಲು ಊರಿಸಿ, ಮೆಲ್ಲಗೆ ವಾಲಿಸಿ ಕೂರಿಸಬೇಕು. ಬಿಸಿಯೂ ಆಗಿಬರಲ್ಲ. ಸಾಮಾನ್ಯ ನಿಯೋಡಿಮಿಯಮ್‌ಗೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸೇ ಮಿತಿ. ಬಿಸಿಗಾಳಿ ಎಳೆಯೋ ಫ್ಯಾನುಗಳ ಹತ್ತಿರ ಹೋಗುವಾಗ ನಾನು ಹೆಚ್ಚು ಬಿಸಿ ತಡೆಯೋ ಸಮೇರಿಯಮ್ ಕೋಬಾಲ್ಟ್ ಮ್ಯಾಗ್ನೆಟ್ಟಿನ ಬೇಸ್ ಬಾಡಿಗೆಗೆ ತರುತ್ತೇನೆ. ಐದು ವರ್ಷದಲ್ಲಿ ಒಂದು ಕಾಲಿನ ಅಂಚು ಚೂರು ಸಿಡಿದಿದೆ, ನಿಕ್ಕಲ್ ಲೇಪ ಎದ್ದು ತುಕ್ಕು ಇಣುಕಿದೆ. ಕೆಲಸಕ್ಕೆ ಅಡ್ಡಿಯಿಲ್ಲ.

ಈಗ ವಿಮಾನ. ಮೊದಲನೇ ಸಲ ಬೇಸ್‌ಗಳನ್ನು ಅದರ ಜೊತೆ ಬಂದ ಬಟ್ಟೆ ಚೀಲದಲ್ಲೇ ಹಾಕಿಕೊಂಡು ಹೊರಟೆ. ವಾಪಸ್ ಬರುವಾಗ ಒಂದು ಊರಿನ ನಿಲ್ದಾಣದಲ್ಲಿ ಎಕ್ಸ್‌ರೇ ಪರದೆ ಮೇಲೆ ಕಪ್ಪು ಗಡ್ಡೆ ಕಂಡಿತು, ಬ್ಯಾಗ್ ಬಿಚ್ಚಿ ಅಂದರು. ಅಲ್ಲಿದ್ದವರು ಚೀಲವನ್ನು ಸ್ಟೀಲ್ ಮೇಜಿನ ಮೇಲೆ ಇಟ್ಟರು. ಅಂಟಿಕೊಂಡಿತು! ಅವರು ಎಳೆದರು, ನಾನೂ ಎಳೆದೆ. ಹಿಂದೆ ಸಾಲಿನಲ್ಲಿದ್ದ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರು, ‘ಏನ್ ತಮ್ಮಾ, ಮೇಜೂ ಹೊತ್ಕೊಂಡು ಹೋಗ್ತೀ ಏನು?’ ಅಂದರು. ಕೊನೆಗೆ ಪಕ್ಕಕ್ಕೆ ಜಾರಿಸಿ ಬಿಡಿಸಿದೆ. ಅಧಿಕಾರಿಗಳ ತಪ್ಪೇನೂ ಇಲ್ಲ. ನಾಲ್ಕು ದಿನ ಮೊದಲು ಅದೇ ಚೀಲ ನನ್ನ ಹೋಟೆಲಿನ ಕೀ ಕಾರ್ಡನ್ನು ಎರಡು ಸಲ ಅಳಿಸಿಹಾಕಿತ್ತು. ಲ್ಯಾಪ್‌ಟಾಪ್ ಪಕ್ಕ ಇಟ್ಟರೆ ಪರದೆ ತಾನಾಗಿ ಆರುತ್ತಿತ್ತು. ಮುಚ್ಚಳ ಮುಚ್ಚಿದೆಯಾ ಅಂತ ಅದು ನೋಡೋದೂ ಒಂದು ಪುಟ್ಟ ಮ್ಯಾಗ್ನೆಟ್ ನೆಚ್ಚಿಕೊಂಡೇ ಅಲ್ವಾ!

ಊರಿಗೆ ಬಂದು ನಿಯಮ ಓದಿದೆ. ವಿಮಾನದಲ್ಲಿ ಬಲವಾದ ಮ್ಯಾಗ್ನೆಟ್ಟಿಗೆ ಹೆದರೋದು ದಿಕ್ಸೂಚಿ ಕಾರಣಕ್ಕೆ. ಸರಕು ಸಾಗಣೆಗೆ ಐಎಟಿಎ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಮಾಡಿರೋ ನಿಯಮದಲ್ಲಿ ಇದಕ್ಕೆ ಯುಎನ್ 2807 ಅಂತ ನಂಬರ್ರೇ ಇದೆ. ಪ್ಯಾಕೆಟ್‌ನಿಂದ 2.1 ಮೀಟರ್, ಅಂದರೆ 7 ಅಡಿ ದೂರದಲ್ಲಿ ಮ್ಯಾಗ್ನೆಟ್ಟಿನ ಬಲ 0.002 ಗಾಸ್‌ಗಿಂತ (ಗಾಸ್ ಅಂದರೆ ಆ ಬಲದ ಅಳತೆ) ಕಮ್ಮಿ ಇದ್ದರೆ ಅದನ್ನು ಅಪಾಯದ ಸರಕು ಅಂತ ಲೆಕ್ಕಕ್ಕೆ ಹಿಡಿಯಲ್ಲ. ನಮ್ಮ ಭೂಮಿಯದ್ದೇ ಬೆಂಗಳೂರಿನಲ್ಲಿ ಸುಮಾರು 0.4 ಗಾಸ್. ನಿಯಮದ ಮಿತಿ ಅದರ ಇನ್ನೂರನೇ ಒಂದು ಪಾಲು!

ಒಂದು ಭಾನುವಾರ ಬೆಳಿಗ್ಗೆ ದಿಕ್ಸೂಚಿ, ಟೇಪು ಹಿಡಿದು ರಾಜಾಜಿನಗರದ ಮೈದಾನಕ್ಕೆ ಹೋದೆ. ತಾರಸಿ ಮೇಲೆ ನೋಡೋಣ ಅಂದರೆ ಕಾಂಕ್ರೀಟ್ ಒಳಗಿನ ಕಂಬಿ ಮುಳ್ಳನ್ನು ಕೆಡಿಸುತ್ತದೆ. ಒಂದು ಅಡಿಯಲ್ಲಿ ಮುಳ್ಳು ಜೋರಾಗಿ ವಾಲಿತು. ಮೂರು ಅಡಿಯಲ್ಲಿ ಅಲುಗಿತೋ ಇಲ್ಲವೋ ಅನ್ನೋ ಹಾಗೆ. ಏಳು ಅಡಿಯಲ್ಲಿ ಕದಲಲೇ ಇಲ್ಲ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲಾಗುತ್ತದೆ ಅನ್ನೋದನ್ನು ಕಾಲೇಜಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಅಂದರೆ ನನ್ನ ಬೇಸ್‌ನಿಂದ ವಿಮಾನಕ್ಕೆ ತೊಂದರೆಯಿಲ್ಲ. ತೊಂದರೆ ಇರೋದು ಅಕ್ಕಪಕ್ಕದ ಕಬ್ಬಿಣಕ್ಕೆ, ಕಾರ್ಡಿಗೆ.

ಅದಕ್ಕೆ ಮದ್ದು ಕೀಪರ್ ಪ್ಲೇಟ್. ಎರಡು ಕಾಲಿಗೂ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಕೂರಿಸಿದರೆ ಬಲವೆಲ್ಲ ಅದರೊಳಗೇ ಸುತ್ತುತ್ತದೆ, ಹೊರಗೆ ಬರೋದು ತೀರಾ ಕಮ್ಮಿ. ಮೊದಲು ಬಿಸ್ಕತ್ ಡಬ್ಬಿ ಮುಚ್ಚಳ ಹಾಕಿ ನೋಡಿದೆ. ತೆಳು ತಗಡು, ಅದರಾಚೆಗೂ ಪಿನ್ನು ಅಂಟಿತು. ಆಮೇಲೆ ಲೇತ್ ಅಂಗಡಿಯಲ್ಲಿ 5 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಕತ್ತರಿಸಿದೆ. ಪಿನ್ನು ಬಿದ್ದುಹೋಯಿತು. ಹಳೇ ಪ್ಲಾಸ್ಟಿಕ್ ಡಬ್ಬಿಗೆ ಸ್ಪಂಜ್ ತುಂಬಿ, ಬೇಸ್‌ಗಳನ್ನು ನಡುವೆ ಇಡುತ್ತೇನೆ.

ಡಬ್ಬಿ ಕೈಚೀಲದಲ್ಲೇ ಇರುತ್ತದೆ. ಚೆಕ್‌-ಇನ್ ಬ್ಯಾಗ್ ಬೇರೆ ಊರಿಗೆ ಹೋದರೆ ಸೈಟಿನಲ್ಲಿ ಕೈ ಕಟ್ಟಿಕೊಂಡು ಕೂರಬೇಕು. ಮೀಟರಿನ ಬಿಡಿ ಲಿಥಿಯಮ್ ಬ್ಯಾಟರಿಯೂ ಕೈಚೀಲಕ್ಕೇ, ಅದು ನಿಯಮ. ಬಂಪ್ ಟೆಸ್ಟಿನ (ಮಶಿನ್‌ಗೆ ತಟ್ಟಿ ಅದು ಹೇಗೆ ಕಂಪಿಸುತ್ತದೆ ಅಂತ ನೋಡೋ ಪರೀಕ್ಷೆ) ಸುತ್ತಿಗೆ ಮಾತ್ರ ಚೆಕ್‌-ಇನ್‌ಗೆ, ಒಳಗೆ ಬಿಡಲ್ಲ. ಕಂಪನಿ ಲೆಟರ್‌ಹೆಡ್ಡಿನಲ್ಲಿ ‘ಇದು ಅಳತೆಯ ಸಾಧನ, ಒಳಗೆ ಮ್ಯಾಗ್ನೆಟ್ ಇದೆ, ಬ್ಯಾಟರಿ ಇಲ್ಲ’ ಅಂತ ಬರೆದ ಹಾಳೆ ಡಬ್ಬಿ ಮೇಲೇ ಇರುತ್ತದೆ. ದೇವನಹಳ್ಳಿಯಲ್ಲಿ ಈಗಲೂ ಆಗಾಗ ಡಬ್ಬಿ ಬಿಚ್ಚಿಸುತ್ತಾರೆ. ಹಾಳೆ ಓದಿ, ಪ್ಲೇಟ್ ಮುಟ್ಟಿ ನೋಡಿ ಕಳಿಸುತ್ತಾರೆ. ಕೊನೇ ಮಾತು ಅವರದ್ದೇ, ಹಾಗಾಗಿ ನಾನು ಅರ್ಧ ಗಂಟೆ ಬೇಗ ಹೋಗುತ್ತೇನೆ.

ಹಿಡಿತಕ್ಕೆ, ಬಾಳಿಕೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪ್ಯಾಕಿಂಗ್‌ಗೆ ಒಂದು, ಅದೂ ದಾಕ್ಷಿಣ್ಯಕ್ಕೆ. ಸೆನ್ಸರಿನ ಬೆಲೆ ಮುಂದೆ ಒಂದು ಕಬ್ಬಿಣದ ತುಂಡಿಗೆ ಏನು ಖರ್ಚು ಹೇಳಿ? ಕಳೆದ ತಿಂಗಳು ಇನ್ನೊಂದು ಜೊತೆ ತರಿಸಿದೆ. ಡಬ್ಬಿ ಬಿಚ್ಚಿದರೆ ಅದೇ ಬಟ್ಟೆ ಚೀಲ, ಪ್ಲೇಟ್ ಇಲ್ಲ. ಸೀದಾ ಲೇತ್ ಅಂಗಡಿಗೆ ಹೋದೆ.